12 ವರ್ಷದ ಪಾಮೇರಿಯನ್, ಹೃದಯವೂ ಕಿಡ್ನಿಯೂ ಎರಡೂ ದುರ್ಬಲ: ಫಾಸ್ಟರ್ ಆಗಿ ಮನೆಗೆ ತರುವ ಮೊದಲು ಏನೇನು ಕೇಳಬೇಕು? (ಡೊಂಬಿವಲಿ)

ಡೊಂಬಿವಲಿ_ಪೂರ್ವ:

ಎಲ್ಲರಿಗೂ ನಮಸ್ಕಾರ. ಕಲ್ಯಾಣ್ ಸ್ಟೇಷನ್ ಹತ್ತಿರ ಯಾರೋ ಬಿಟ್ಟುಹೋದ ಪಾಮೇರಿಯನ್ ಒಂದನ್ನು ಇಲ್ಲಿಯ ರೆಸ್ಕ್ಯೂ ತಂಡದವರು ಎತ್ತಿಕೊಂಡು ಬಂದಿದ್ದಾರೆ. ಹೆಣ್ಣು, ಅಂದಾಜು 12 ವರ್ಷ, ತೂಕ 9 ಕೆಜಿ. ಶೆಲ್ಟರ್‌ನ ಗದ್ದಲದಲ್ಲಿ ಊಟ ಬಿಡುತ್ತಿದೆ, ಫಾಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ ಸಾಕಲು, ಶಾಂತವಾದ ಮನೆ ಬೇಕು ಅನ್ನುತ್ತಾರೆ. ನಮ್ಮದು 1 ಬಿಎಚ್‌ಕೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಗಲು ಹೊತ್ತು ಒಬ್ಬರು ಮನೆಯಲ್ಲೇ ಇರುತ್ತಾರೆ.

ಚೀಟಿಯಲ್ಲಿ ಇರುವುದು ಇಷ್ಟು: ಹೃದಯದ ಮರ್ಮರ್ (ಅಸಹಜ ಸದ್ದು) ಗ್ರೇಡ್ 4, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) 2.4, ಹಿಂಗಾಲಿನ ಎರಡೂ ಮಂಡಿ ಸವೆದಿವೆ, ಎಡಗಣ್ಣು ಕಾಣುವುದಿಲ್ಲ. ಪಿಮೊಬೆಂಡಾನ್ ಮತ್ತು ಫ್ಯೂರೋಸೆಮೈಡ್ ಎರಡು ಹೊತ್ತು, ಎನಲಾಪ್ರಿಲ್ ಒಂದು ಹೊತ್ತು. ದಿನಕ್ಕೆ 100 ಎಂಎಲ್ ರಿಂಗರ್ಸ್ ಲ್ಯಾಕ್ಟೇಟ್ (ಸಲೈನ್ ತರಹದ ದ್ರವ) ಚರ್ಮದಡಿ. ಮಂಡಿನೋವಿಗೆ ಮೆಲಾಕ್ಸಿಕಾಂ, "ಬೇಕಾದಾಗ". ನೀರು ಬಹಳ ಕುಡಿಯುತ್ತದೆ, ಕೆಮ್ಮೂ ಇದೆ.

ಹೂಂ ಅನ್ನುವ ಮೊದಲು ಏನು ಕೇಳಿಕೊಳ್ಳಬೇಕು, ಮನೆಯಲ್ಲಿ ಏನು ಸಿದ್ಧ ಮಾಡಿಕೊಳ್ಳಬೇಕು, ದಯವಿಟ್ಟು ತಿಳಿಸಿ.

ಮುಲುಂಡ್_ವೆಟ್‌ನರ್ಸ್:

ನೀವು ಕೇಳುತ್ತಿರುವುದೇ ದೊಡ್ಡ ವಿಷಯ. ಇಂಥ ನಾಯಿಗೆ ಮನೆ ಸಿಗುವುದು ಬಹಳ ಕಷ್ಟ. ಆದರೆ ಆ ಚೀಟಿಯನ್ನು ಇನ್ನೊಮ್ಮೆ ಓದಿ. ಫ್ಯೂರೋಸೆಮೈಡ್ ಮೈಯ ನೀರನ್ನು ಹೊರಗೆ ಹಾಕುತ್ತದೆ, ರಿಂಗರ್ಸ್ ನೀರನ್ನು ಒಳಗೆ ಹಾಕುತ್ತದೆ. ಒಂದು ಹೃದಯಕ್ಕೆ, ಇನ್ನೊಂದು ಕಿಡ್ನಿಗೆ. ಬೇರೆ ಬೇರೆ ದಿನ ಬೇರೆ ಬೇರೆ ಡಾಕ್ಟರು ಬರೆದರೆ ಹೀಗಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿ ತೀರ್ಮಾನಿಸುವ ಒಬ್ಬರೇ ಡಾಕ್ಟರು ಯಾರು ಅನ್ನುವುದು ನಿಮ್ಮ ಮೊದಲ ಪ್ರಶ್ನೆಯಾಗಬೇಕು. ಅದಕ್ಕೆ ಉತ್ತರ ಸಿಗದೆ ನಾಯಿಯನ್ನು ತರಬೇಡಿ.

ಎರಡನೆಯದು, ಫ್ಯೂರೋಸೆಮೈಡ್ ಯಾಕೆ ಶುರುವಾಯಿತು? ಮರ್ಮರ್ ಇದೆ ಅಂದಮಾತ್ರಕ್ಕೆ ಅದನ್ನು ಕೊಡುವುದಿಲ್ಲ. ಸಣ್ಣ ತಳಿಯ ಮುದಿ ನಾಯಿಗಳಲ್ಲಿ ಎಡಗಡೆಯ ಮೈಟ್ರಲ್ ಕವಾಟ ದಪ್ಪಗಾಗಿ ಸೋರುವುದು ಬಹಳ ಸಾಮಾನ್ಯ. ಸೋರುತ್ತಿದೆ, ಹೃದಯ ದೊಡ್ಡದಾಗಿದೆ, ಆದರೆ ಶ್ವಾಸಕೋಶದಲ್ಲಿ ನೀರಿಲ್ಲ ಅಂದರೆ ಅದು ಬಿ2 ಹಂತ. ಆಗ ಪಿಮೊಬೆಂಡಾನ್ ಸಾಕು. 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನದಲ್ಲಿ ಬಿ2 ಹಂತದ ನಾಯಿಗಳಿಗೆ ಈ ಮಾತ್ರೆ ಕೊಟ್ಟಾಗ ಹೃದಯ ಸೋಲುವುದು ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಯಿತು. ಶ್ವಾಸಕೋಶದಲ್ಲಿ ಒಮ್ಮೆಯಾದರೂ ನೀರು ತುಂಬಿದ್ದರೆ ಅದು ಸಿ ಹಂತ. ಆಗ ಫ್ಯೂರೋಸೆಮೈಡ್ ಬೇಕೇ ಬೇಕು, ಡಾಕ್ಟರು ಹೇಳದೆ ಒಂದು ಹೊತ್ತೂ ತಪ್ಪಿಸುವಂತಿಲ್ಲ. ಯಾವ ಹಂತ ಅನ್ನುವುದನ್ನು ಎದೆಯ ಎಕ್ಸ್‌ರೇ ನೋಡಿಯೇ ಹೇಳಬೇಕು. ಎಕ್ಸ್‌ರೇ ತೆಗೆದಿದ್ದಾರಾ, ಯಾವ ದಿನ, ಫಿಲ್ಮಿನ ಫೋಟೋ ಇದೆಯಾ ಕೇಳಿ. ಪಾಮೇರಿಯನ್‌ಗಳಲ್ಲಿ ಶ್ವಾಸನಾಳ ಕುಸಿದು ಬಾತುಕೋಳಿ ಕೂಗಿದಂತೆ ಒಣ ಕೆಮ್ಮು ಬರುವುದೂ ಹೆಚ್ಚು. ಆ ಕೆಮ್ಮನ್ನೇ ಹೃದಯದ್ದು ಅಂದುಕೊಂಡು ಫ್ಯೂರೋಸೆಮೈಡ್ ಶುರು ಮಾಡಿದ್ದರೆ, ಕಿಡ್ನಿ ಸುಮ್ಮನೆ ಒಣಗುತ್ತಿದೆ ಅಂತ ಅರ್ಥ. ಕ್ರಿಯಾಟಿನಿನ್ 2.4 ಅನ್ನುವುದರಲ್ಲಿ ಎಷ್ಟು ಪಾಲು ಕಿಡ್ನಿಯದು, ಎಷ್ಟು ಪಾಲು ಆ ಮಾತ್ರೆಯದು ಅನ್ನುವುದೂ ಆಗಲೇ ತಿಳಿಯುವುದು.

ಮೆಲಾಕ್ಸಿಕಾಂ ವಿಷಯ ಇವತ್ತೇ ಮಾತಾಡಿ, ನಾಯಿ ನಿಮ್ಮ ಮನೆಗೆ ಬಂದರೂ ಸರಿ, ಬರದಿದ್ದರೂ ಸರಿ. ಕಿಡ್ನಿಗೆ ರಕ್ತ ಬರುವ ನಳವನ್ನು ಮೆಲಾಕ್ಸಿಕಾಂ ಕಿರಿದು ಮಾಡುತ್ತದೆ. ಹೊರಗೆ ಹೋಗುವ ನಳವನ್ನು ಎನಲಾಪ್ರಿಲ್ ಅಗಲ ಮಾಡುತ್ತದೆ. ಫ್ಯೂರೋಸೆಮೈಡ್ ಟ್ಯಾಂಕಿಯ ನೀರನ್ನೇ ಇಳಿಸುತ್ತದೆ. ಮೂರೂ ಸೇರಿದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. "ಬೇಕಾದಾಗ" ಅಂತ ಬರೆದಿರುವುದು ಇನ್ನೂ ಅಪಾಯ, ಯಾಕೆಂದರೆ ಯಾರು ಯಾವಾಗ ಎಷ್ಟು ಕೊಟ್ಟರು ಅನ್ನುವ ಲೆಕ್ಕವೇ ಇರುವುದಿಲ್ಲ.

ಮೂರನೆಯದನ್ನು ಯಾರೂ ಕೇಳುವುದಿಲ್ಲ: ಗರ್ಭಕೋಶ ತೆಗೆದಿದೆಯಾ? ನೀರು ಬಹಳ ಕುಡಿಯುವುದಕ್ಕೆ ಫ್ಯೂರೋಸೆಮೈಡ್ ಒಂದೇ ಸಾಕು, ಕಿಡ್ನಿ ಒಂದೇ ಸಾಕು. ಹಾಗಾಗಿ ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಆಪರೇಷನ್ ಆಗದ ಮುದಿ ಹೆಣ್ಣುನಾಯಿಯಲ್ಲಿ ಗರ್ಭಕೋಶ ಕೀವು ತುಂಬಿಕೊಂಡರೂ (ಪಯೊಮೆಟ್ರಾ) ಇದೇ ಲಕ್ಷಣ: ನೀರು ಜಾಸ್ತಿ, ಊಟ ಕಡಿಮೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಹೆಚ್ಚು ಬರುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ ಬಗೆಯಲ್ಲಿ ಕೀವು ಹೊರಗೆ ಬರುವುದೇ ಇಲ್ಲ. ಹೊಟ್ಟೆಯ ಸೋನೋಗ್ರಫಿ ಒಂದು ಮಾಡಿಸಿದರೆ ಗರ್ಭಕೋಶ, ಕಿಡ್ನಿ, ಮೂತ್ರಕೋಶ ಮೂರೂ ತಿಳಿಯುತ್ತವೆ. ಅದರ ಜೊತೆಗೆ ಮೂತ್ರಪರೀಕ್ಷೆ, ರಕ್ತದ ಸಕ್ಕರೆ, ಬಿಪಿ. ಇಲ್ಲಿ ಉಣ್ಣಿ ಹುಳುವಿನ ಕಾಟ ವರ್ಷವಿಡೀ ಇರುವುದರಿಂದ ಟಿಕ್ ಫೀವರ್ ಟೆಸ್ಟು, ಪ್ಲೇಟ್‌ಲೆಟ್ ಎಣಿಕೆ. ಎಡಗಣ್ಣು ಪೊರೆಯಿಂದ ಹೋಗಿದೆಯೋ ಬಿಪಿಯಿಂದ ಹೋಗಿದೆಯೋ ಅದನ್ನೂ ಕೇಳಿ. ಕಿಡ್ನಿ ನಾಯಿಗಳಲ್ಲಿ ಬಿಪಿ ಏರಿ ಕಣ್ಣಿನ ಪರದೆ ಕಳಚುವುದುಂಟು. ಬಿಪಿ ಹಾಗೇ ಉಳಿದರೆ ಇನ್ನೊಂದು ಕಣ್ಣಿಗೂ ಅದೇ ಗತಿ.

ಇನ್ನು ನಿಮ್ಮ ಕೆಲಸ. ಡಾಕ್ಟರಿಗೆ ಸಾಧ್ಯವಾಗದ್ದು, ನಿಮಗೆ ಮಾತ್ರ ಸಾಧ್ಯವಾಗುವುದು ಒಂದಿದೆ: ಗಾಢ ನಿದ್ದೆಯಲ್ಲಿ ಉಸಿರು ಎಣಿಸುವುದು. ಎದೆ ಒಮ್ಮೆ ಏರಿ ಇಳಿದರೆ ಒಂದು. ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟು ಎಣಿಸಿ, ಎರಡರಿಂದ ಗುಣಿಸಿ. ಕನಸು ಕಂಡು ಕಾಲು ಆಡಿಸುವಾಗ ಬೇಡ, ಸೆಖೆಗೆ ನಾಲಿಗೆ ಚಾಚಿ ಏದುವಾಗ ಬೇಡ, ಮೇ ತಿಂಗಳಲ್ಲಿ ಫ್ಯಾನ್ ಹಾಕಿ ತಣ್ಣಗಾದ ಮೇಲೆ ಎಣಿಸಿ. ಮೊದಲ ವಾರ ದಿನಾ ಬರೆದಿಟ್ಟರೆ ಅದರ ಮಾಮೂಲು ಎಷ್ಟು ಅಂತ ಗೊತ್ತಾಗುತ್ತದೆ, 18 ಇರಬಹುದು, 24 ಇರಬಹುದು. 30ಕ್ಕಿಂತ ಕಡಿಮೆ ಇರಬೇಕು. 30 ದಾಟಿದರೆ ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್. ನಿದ್ದೆಯಲ್ಲಿ 40 ದಾಟಿದರೆ, ಕತ್ತು ಚಾಚಿ ಮೊಣಕೈ ಅಗಲಿಸಿ ನಿಂತರೆ, ಮಲಗಲು ಹೋಗಿ ಮತ್ತೆ ಎದ್ದರೆ, ಒಸಡು ನೀಲಿಯಾದರೆ ಫೋನ್ ಮಾಡುತ್ತಾ ಕೂರಬೇಡಿ, ಆಕ್ಸಿಜನ್ ಇರುವ ಆಸ್ಪತ್ರೆಗೆ ಹೊರಡಿ. ಪರೇಲ್‌ನ ಬಾಯಿ ಸಾಕರಬಾಯಿ ಆಸ್ಪತ್ರೆ, ಮಹಾಲಕ್ಷ್ಮಿಯ ಟಾಟಾ ಟ್ರಸ್ಟ್‌ನ ಆಸ್ಪತ್ರೆ ದೊಡ್ಡವು ನಿಜ, ಆದರೆ ಡೊಂಬಿವಲಿಯಿಂದ ಸಂಜೆಯ ಟ್ರಾಫಿಕ್‌ನಲ್ಲಿ ಅಲ್ಲಿಗೆ ಮುಟ್ಟುವಷ್ಟು ಹೊತ್ತು ಈ ನಾಯಿಗೆ ಇರುವುದಿಲ್ಲ. ಡೊಂಬಿವಲಿ, ಕಲ್ಯಾಣ್, ಥಾಣೆಯೊಳಗೆ ರಾತ್ರಿ ಬಾಗಿಲು ತೆರೆದಿರುವ, ಆಕ್ಸಿಜನ್ ಇರುವ ಜಾಗ ಯಾವುದು ಅಂತ ನಾಯಿ ಬರುವ ಮೊದಲೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಥಾಣೆ_ಗ್ಯಾಲರಿ:

ಮೇಡಂ ಔಷಧಿಯ ಬಗ್ಗೆ ಹೇಳಿದ್ದಾರೆ, ನಾನು ಮನೆಯ ಬಗ್ಗೆ ಹೇಳುತ್ತೇನೆ.

ಲಿಫ್ಟ್ ಇಲ್ಲದ್ದು ಅಷ್ಟು ದೊಡ್ಡ ಅಡ್ಡಿಯಲ್ಲ, 9 ಕೆಜಿ ಎತ್ತಬಹುದು. ಎತ್ತುವ ರೀತಿ ಮುಖ್ಯ. ಒಂದು ಕೈ ಮುಂಗಾಲುಗಳ ನಡುವೆ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿ. ಕಂಕುಳಲ್ಲಿ ಹಿಡಿದು ಮೇಲಕ್ಕೆತ್ತಿದರೆ ಮಂಡಿಗಳು ತಿರುಚಿಕೊಳ್ಳುತ್ತವೆ, ಹೊಟ್ಟೆ ಒತ್ತಿದರೆ ಉಸಿರು ಕಟ್ಟುತ್ತದೆ. ಮೆಟ್ಟಿಲು ಹತ್ತಿಸಲೇಬೇಡಿ, ಇಳಿಸಲಂತೂ ಬೇಡವೇ ಬೇಡ. ಕತ್ತಿಗೆ ಪಟ್ಟಿ ಹಾಕಬೇಡಿ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಶ್ವಾಸನಾಳ ದುರ್ಬಲ ಇದ್ದರೆ ಪಟ್ಟಿ ಎಳೆದ ಒಂದೊಂದು ಸಲವೂ ಕೆಮ್ಮು ಕೆರಳುತ್ತದೆ.

ಫ್ಯೂರೋಸೆಮೈಡ್ ಕೊಟ್ಟ ಒಂದೆರಡು ಗಂಟೆಯಲ್ಲಿ ಮೂತ್ರದ ಒತ್ತಡ ಜೋರು, ಸುಮಾರು 6 ಗಂಟೆ ಹಾಗೇ ಇರುತ್ತದೆ. ರಾತ್ರಿ 10ಕ್ಕೆ ಕೊಟ್ಟರೆ ನಾಯಿಯೂ ಮಲಗುವುದಿಲ್ಲ, ಮನೆಯವರೂ ಮಲಗುವುದಿಲ್ಲ. ಬೆಳಿಗ್ಗೆ 6, ಸಂಜೆ 6 ಇಟ್ಟುಕೊಳ್ಳಿ. ಪಿಮೊಬೆಂಡಾನ್ ಕೂಡ ಅದೇ ಹೊತ್ತಿಗೆ, ಖಾಲಿ ಹೊಟ್ಟೆಗೆ. ಊಟ ಒಂದು ಗಂಟೆ ಬಿಟ್ಟು, 7ಕ್ಕೆ. ಮೂತ್ರಕ್ಕೆಂದು ಪ್ರತಿ ಸಲ ಮೂರು ಮಹಡಿ ಇಳಿಯಲಾಗದು. ಗ್ಯಾಲರಿಯಲ್ಲಿ ಅಂಚು ಗಿಡ್ಡವಾದ ಪ್ಲಾಸ್ಟಿಕ್ ಟ್ರೇ ಇಟ್ಟು ಅದರೊಳಗೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಕಿ. ಮೊದಲ ದಿನ ಅದರ ಮೂತ್ರ ಒರೆಸಿದ ಪೇಪರನ್ನು ಅಲ್ಲೇ ಬಿಟ್ಟರೆ ವಾಸನೆ ಹಿಡಿದು ಬರುತ್ತದೆ. ಮಳೆಗಾಲಕ್ಕೂ ಇದೇ ಒಳ್ಳೆಯದು. ರಸ್ತೆಯಲ್ಲಿ ನಿಂತ ನೀರಿನಲ್ಲಿ ಲೆಪ್ಟೊ (ಇಲಿಜ್ವರದ ರೋಗಾಣು) ಇರುತ್ತದೆ, ಕಿಡ್ನಿ ಸೋತ ನಾಯಿಯನ್ನು ಅದರಲ್ಲಿ ನಡೆಸುವುದು ಬೇಡ.

ನಮ್ಮ ಫ್ಲ್ಯಾಟುಗಳ ನುಣುಪು ಟೈಲ್ಸ್ ಸವೆದ ಮಂಡಿಗೆ ಶತ್ರು. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಗ್ಯಾಲರಿಗೆ ರಬ್ಬರ್ ತಳದ ಚಾಪೆಗಳನ್ನು ನಡುವೆ ಜಾಗ ಬಿಡದೆ ಹಾಸಿ. ಹಳೆಯ ಯೋಗ ಮ್ಯಾಟ್ ಕತ್ತರಿಸಿ ಹಾಸಿದರೂ ಸಾಕು. ಪಾದದ ಕೆಳಗೆ ಬೆರಳುಗಳ ನಡುವಿನ ಕೂದಲನ್ನು ಕತ್ತರಿಸಿ, ಉದ್ದ ಬೆಳೆದರೆ ಸಾಕ್ಸ್ ಹಾಕಿಕೊಂಡು ಟೈಲ್ಸ್ ಮೇಲೆ ಓಡಿದ ಹಾಗೆ ಜಾರುತ್ತದೆ. ಒಂದು ಕಣ್ಣು ಕಾಣದ ನಾಯಿಗೆ ಆ ಚಾಪೆಯ ಅಂಚೇ ದಾರಿ, ಆಮೇಲೆ ಅದನ್ನು ಸರಿಸಬೇಡಿ. ಎಡಗಡೆಯಿಂದ ಮುಟ್ಟುವ ಮೊದಲು ಒಂದು ಮಾತಾಡಿಸಿ, ಬೆಚ್ಚಿದರೆ ಕಚ್ಚೀತು. ರೇಬೀಸ್ ಲಸಿಕೆ ಹಾಕಿದ ದಾಖಲೆ ಇಲ್ಲದಿದ್ದರೆ ಇನ್ನೂ ಎಚ್ಚರ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಿ.

ಸೊಸೈಟಿಯವರು ಗಲಾಟೆ ಮಾಡಿದರೆ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರತಿ ಇಟ್ಟುಕೊಳ್ಳಿ. ನಾಯಿ ಸಾಕುವುದನ್ನು ಸೊಸೈಟಿ ನಿಷೇಧಿಸುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ.

ಮಾಟುಂಗಾ_ಅಮ್ಮ:

ಊಟಕ್ಕೆ ರಾಗಿ ಅಂಬಲಿ, ಮೊಸರನ್ನ ಕೊಡಿ. ತಂಪು, ಜೀರ್ಣಕ್ಕೂ ಹಗುರ. ಕಿಡ್ನಿ ಇದ್ದರೆ ಮಾಂಸ ಪೂರ್ತಿ ನಿಲ್ಲಿಸಬೇಕು ಅಂತಾರೆ. ಎಲುಬಿನ ಸೂಪು ಕೊಟ್ಟರೆ ಮಂಡಿಗೂ ಒಳ್ಳೆಯದು.

ಮುಲುಂಡ್_ವೆಟ್‌ನರ್ಸ್:

ಅಮ್ಮಾ, ಅಕ್ಕರೆಯಿಂದ ಹೇಳಿದ್ದೀರಿ, ಆದರೆ ಈ ನಾಯಿಗೆ ಸ್ವಲ್ಪ ಬದಲಿಸಬೇಕು. ಕೆಟ್ಟ ಕಿಡ್ನಿ ಹೊರಗೆ ಹಾಕಲು ಕಷ್ಟಪಡುವುದು ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು. ಬಿಳಿ ಅಕ್ಕಿಗಿಂತ ರಾಗಿಯಲ್ಲಿ ಅದು ಜಾಸ್ತಿ. ಎಲುಬು, ಲಿವರ್, ಒಣಮೀನು, ಚೀಸ್ ಇವುಗಳಲ್ಲಿ ಇನ್ನೂ ಜಾಸ್ತಿ. ಮೊಸರು ಮಾತ್ರೆ ನುಂಗಿಸಲು ಒಂದು ಚಮಚ ಇರಲಿ, ಬಟ್ಟಲುಗಟ್ಟಲೆ ಬೇಡ. ಹಾಗಂತ ಮಾಂಸಾಂಶ ಪೂರ್ತಿ ನಿಲ್ಲಿಸಿದರೆ ಹೃದ್ರೋಗದ ನಾಯಿಯ ಮಾಂಸಖಂಡ ಕರಗಿ ಬೆನ್ನೆಲುಬು ಕೈಗೆ ಸಿಗಲು ಶುರುವಾಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಇಲ್ಲಿ ಬಹಳ ಉಪಯೋಗ, ಒಳ್ಳೆಯ ಪ್ರೋಟೀನ್, ರಂಜಕ ತೀರಾ ಕಡಿಮೆ.

ಡಾಕ್ಟರು ಒಪ್ಪಿದರೆ ಅಂಗಡಿಯಲ್ಲಿ ಸಿಗುವ ರೀನಲ್ ಡಯಟ್ಟೇ (ಕಿಡ್ನಿ ನಾಯಿಗಳ ಆಹಾರ) ಸುಲಭ, ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ. ಅದನ್ನು ಮುಟ್ಟದೆ ಹೋದರೆ ಹಟ ಬೇಡ. ಈ ನಾಯಿ ಏನಾದರೂ ತಿನ್ನುವುದೇ ಸರಿಯಾದ ಡಯಟ್ಟಿಗಿಂತ ಮುಖ್ಯ. 9 ಕೆಜಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 340 ಕ್ಯಾಲೊರಿ ಬೇಕು. (ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ.) ಹಲವು ದಿನ ಸರಿಯಾಗಿ ತಿಂದಿಲ್ಲ ಅಂದರೆ ಮೊದಲ ದಿನವೇ ಪೂರ್ತಿ ಕೊಡಬೇಡಿ. ಮೂರನೇ ಒಂದು ಭಾಗದಿಂದ ಶುರು ಮಾಡಿ, ನಾಲ್ಕೈದು ದಿನದಲ್ಲಿ ಪೂರ್ತಿಗೆ ಬನ್ನಿ. ಉಪ್ಪು ಹಾಕಬೇಡಿ, ಹಪ್ಪಳ, ಉಪ್ಪಿನಕಾಯಿ ತಾಗಿದ ಅನ್ನ, ಪಾವ್ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ಯಾವ ನಾಯಿಗೂ ಬೇಡ.

ಡೊಂಬಿವಲಿ_ಪೂರ್ವ:

ಎಲ್ಲರಿಗೂ ಧನ್ಯವಾದ. ರೆಸ್ಕ್ಯೂದವರನ್ನು ಕೇಳಿದೆ. ಗರ್ಭಕೋಶದ ವಿಷಯ ಗೊತ್ತಿಲ್ಲವಂತೆ, ಸೋನೋಗ್ರಫಿ ಮಾಡಿಸುತ್ತಾರೆ. ಎಕ್ಸ್‌ರೇ ಒಂದು ಇದೆ, ಅದರಲ್ಲಿ "ಶ್ವಾಸಕೋಶದಲ್ಲಿ ನೀರು" ಅಂತ ಬರೆದಿದೆ. ಹಾಗಾದರೆ ಸಿ ಹಂತ ಅಲ್ಲವೇ? ರಿಂಗರ್ಸ್ ಪೂರ್ತಿ ನಿಲ್ಲಿಸಬೇಕಾ? ಮೆಲಾಕ್ಸಿಕಾಂ ಇಲ್ಲದೆ ನೋವಿಗೆ ಏನು ಮಾಡುವುದು? ಮನೆಯಲ್ಲಿ ಪ್ಯಾರಾಸಿಟಮಾಲ್ ಇದೆ.

ಮುಲುಂಡ್_ವೆಟ್‌ನರ್ಸ್:

ಹೌದು, ಸಿ. ಹಾಗಾಗಿ ಫ್ಯೂರೋಸೆಮೈಡ್ ಇರಲಿ. ದಿನಾ 100 ಎಂಎಲ್ ಅನ್ನುವುದನ್ನು ಇವತ್ತೇ ಪ್ರಶ್ನಿಸಿ. ಸಿ ಹಂತದ ನಾಯಿಗೆ ಲೆಕ್ಕವಿಲ್ಲದೆ ನೀರು ಏರಿಸಿದರೆ ಅದು ಮತ್ತೆ ಶ್ವಾಸಕೋಶಕ್ಕೇ ಹೋಗಿ ನಿಲ್ಲುತ್ತದೆ. ಬಾಯಿಂದ ಕುಡಿಯುವ ನೀರೇ ಅದಕ್ಕೆ ಸುರಕ್ಷಿತ, ಬಟ್ಟಲು ಸದಾ ತುಂಬಿರಲಿ, "ಬಹಳ ಕುಡಿಯುತ್ತದೆ" ಅಂತ ಎತ್ತಿಡಬೇಡಿ. ಎಷ್ಟು ಕುಡಿಯುತ್ತದೆ ಅಂತ ಅಳೆಯಿರಿ: ಬೆಳಿಗ್ಗೆ ಒಂದು ಲೀಟರ್ ಬಾಟಲಿಯಿಂದ ತುಂಬಿಸುತ್ತಾ ಹೋಗಿ, ಮರುದಿನ ಬೆಳಿಗ್ಗೆ ಉಳಿದದ್ದನ್ನು ಕಳೆಯಿರಿ. ಬಾತ್‌ರೂಮಿನ ಬಾಗಿಲು ಮುಚ್ಚಿಡಿ, ಬಕೆಟ್‌ನಿಂದ ಕುಡಿದರೆ ಲೆಕ್ಕ ತಪ್ಪುತ್ತದೆ. 9 ಕೆಜಿಗೆ ದಿನಕ್ಕೆ 900 ಎಂಎಲ್ ದಾಟಿದರೆ ಅತಿಯಾಯಿತು. ಮಾಮೂಲಿಗಿಂತ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದರೂ ಅದೂ ಸುದ್ದಿಯೇ. ವಾಂತಿ, ಭೇದಿ ಶುರುವಾದರೆ ಅವತ್ತೇ ಫೋನ್ ಮಾಡಿ, ಎನಲಾಪ್ರಿಲ್ ಮತ್ತು ಫ್ಯೂರೋಸೆಮೈಡ್ ಮೇಲಿರುವ ನಾಯಿ ಒಂದೇ ದಿನದಲ್ಲಿ ಒಣಗಿಹೋಗುತ್ತದೆ.

ಇಬ್ಬರು ಡಾಕ್ಟರೂ ಮಾತಾಡಿಕೊಂಡು, ಸ್ವಲ್ಪ ರಿಂಗರ್ಸ್ ಬೇಕೇ ಬೇಕು ಅಂದರೆ ಮಾತ್ರ ಹೀಗೆ ಕೊಡಿ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಇಟ್ಟು, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ. ಕಿಟಕಿಯ ಗ್ರಿಲ್‌ಗೆ ತೂಗುಹಾಕಿ. ಪ್ರತಿ ಸಲ ಹೊಸ ಸೂಜಿ, 20 ಗೇಜ್. ನಳಿಕೆಯಲ್ಲಿರುವ ಗಾಳಿ ಹೊರಗೆ ಹೋಗುವಷ್ಟು ಹರಿಸಿ. ಭುಜಗಳ ನಡುವಿನ ಚರ್ಮವನ್ನು ಡೇರೆಯಂತೆ ಎತ್ತಿ, ಬುಡದಲ್ಲಿ ಬೆನ್ನಿಗೆ ಸಮನಾಗಿ ಚುಚ್ಚಿ. ಕೂದಲು ಒದ್ದೆಯಾದರೆ ಸೂಜಿ ಆಚೆ ಬದಿಗೆ ಹೊರಬಂದಿದೆ ಅಂತ ತಿಳಿಯಿರಿ. ಕೊಟ್ಟ ಮೇಲೆ ಚರ್ಮದಡಿ ನಿಂತ ನೀರಿನ ಗಡ್ಡೆ ಮುಂಗಾಲಿನ ಕಡೆ ಇಳಿಯುವುದು ಸಹಜ. ಮರುದಿನವೂ ಗಡ್ಡೆ ಹಾಗೇ ಇದ್ದರೆ ಮುಂದಿನ ಡೋಸ್ ಕೊಡದೆ ಫೋನ್ ಮಾಡಿ. ರಿಂಗರ್ಸ್ ಕೊಟ್ಟ ರಾತ್ರಿ ಉಸಿರು ಎಣಿಸದೆ ಮಲಗಬೇಡಿ. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಕ್ಲಿನಿಕ್ಕಿಗೆ ವಾಪಸ್ ಕೊಡಿ, ಕಸ ಎತ್ತುವವರ ಕೈಗೆ ಚುಚ್ಚಬಾರದು.

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದನ್ನೂ ಮನೆಯ ಡಬ್ಬಿಯಿಂದ ತೆಗೆದು ಕೊಡಬೇಡಿ. ನೋವಿಗೆ ಗ್ಯಾಬಾಪೆಂಟಿನ್ ಬಗ್ಗೆ ಕೇಳಿ. ಅದು ಕಿಡ್ನಿಯ ಮೂಲಕವೇ ಹೊರಹೋಗುವುದರಿಂದ ಡೋಸ್ ಕಡಿಮೆಯಿಂದ ಶುರುವಾಗುತ್ತದೆ. ಮೊದಲ ಎರಡು ದಿನ ತೂರಾಡಿದರೆ ಹೇಳಿ, ಇಳಿಸುತ್ತಾರೆ. ಮೆಡಿಕಲ್‌ನಲ್ಲಿ ಕೊಳ್ಳುವಾಗ ಸ್ಟ್ರಿಪ್ಪಿನ ಹಿಂಭಾಗ ಓದಿ. ಗ್ಯಾಬಾಪೆಂಟಿನ್ ಜೊತೆ ನಾರ್ಟ್ರಿಪ್ಟಿಲಿನ್ ಸೇರಿಸಿದ ಮಾತ್ರೆಯೇ ಮನುಷ್ಯರಿಗೆ ಹೆಚ್ಚು ಓಡುತ್ತದೆ, ಕೌಂಟರ್‌ನಲ್ಲಿ ಅದನ್ನೇ ಕೊಟ್ಟುಬಿಡುವುದುಂಟು. ಹೃದ್ರೋಗದ ನಾಯಿಗೆ ಅದು ಬೇಡ. ಲ್ಯಾಸಿಕ್ಸ್ (ಫ್ಯೂರೋಸೆಮೈಡ್‌ನ ಅಂಗಡಿ ಹೆಸರು) ಕೇಳಿದಾಗ ಲ್ಯಾಸಿಲ್ಯಾಕ್ಟೋನ್ ಕೈಗೆ ಬಂದರೂ ಅದೇ ತೊಂದರೆ, ಅದರಲ್ಲಿ ಸ್ಪೈರೊನೊಲ್ಯಾಕ್ಟೋನ್ ಸೇರಿದೆ. ಎನಲಾಪ್ರಿಲ್ ಜೊತೆ ಸೇರಿ ಪೊಟ್ಯಾಷಿಯಂ ಏರಬಹುದು. ಬೇಕಾದರೆ ಡಾಕ್ಟರೇ ಬರೆಯುತ್ತಾರೆ, ಅಂಗಡಿಯವರು ಬದಲಿಸುವುದಲ್ಲ. ಮಾತ್ರೆ ಬದಲಾದ ಒಂದೆರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಷಿಯಂ ಮತ್ತೆ ನೋಡಿಸಿ.

ವಾಶಿ_ಫಾಸ್ಟರ್_ಕೋಆರ್ಡಿನೇಟರ್:

ಹಣ ಮತ್ತು ಸಹಿಯ ವಿಷಯ ಯಾರೂ ಎತ್ತಿಲ್ಲ. ಫಾಸ್ಟರ್ ಅಂದರೆ ನಾಯಿ ಕಾಗದದ ಮೇಲೆ ಇನ್ನೂ ರೆಸ್ಕ್ಯೂದವರದ್ದೇ. ಹಾಗಾಗಿ ನಾಲ್ಕು ಸಾಲು ಬರೆಸಿಕೊಳ್ಳಿ, ವಾಟ್ಸಾಪ್‌ನಲ್ಲಿದ್ದರೂ ಸಾಕು. ಮಾತ್ರೆ, ಟೆಸ್ಟು, ಆಸ್ಪತ್ರೆ ಯಾರ ಖರ್ಚು. ಆಸ್ಪತ್ರೆಗೆ ಅವರೇ ನೇರ ಯುಪಿಐ ಮಾಡುವುದು ಒಳ್ಳೆಯದು, "ನೀವು ಕಟ್ಟಿ, ಆಮೇಲೆ ಕೊಡುತ್ತೇವೆ" ಅನ್ನುವುದರಿಂದಲೇ ಎಷ್ಟೋ ಒಳ್ಳೆಯ ಸಂಬಂಧಗಳು ಮುರಿಯುತ್ತವೆ. ಮಧ್ಯರಾತ್ರಿ ಅವರ ಫೋನ್ ಸಿಗದಿದ್ದರೆ ಎಷ್ಟು ರೂಪಾಯಿಯವರೆಗೆ ನೀವೇ ಒಪ್ಪಿಗೆ ಕೊಡಬಹುದು. ಪಯೊಮೆಟ್ರಾ ಅಂತ ಬಂದರೆ ಈ ಹೃದಯ ಇಟ್ಟುಕೊಂಡು ಅರಿವಳಿಕೆಗೆ ಹೂಂ ಅನ್ನುವವರು ಯಾರು. ನೀವು ಊರಿಗೆ ಹೋಗಬೇಕಾದಾಗ ಯಾರ ಮನೆಗೆ.

ಕೊನೆಯ ತೀರ್ಮಾನವೂ ಅದರಲ್ಲೇ ಇರಲಿ. ಈಗಲೇ ಮಾತಾಡುವುದು ಕ್ರೂರ ಅನ್ನಿಸುತ್ತದೆ, ಆದರೆ ಉಸಿರುಗಟ್ಟುತ್ತಿರುವ ನಾಯಿಯ ಪಕ್ಕದಲ್ಲಿ ಕೂತು ಮೂರು ಜನ ಫೋನಿನಲ್ಲಿ ವಾದ ಮಾಡುವುದು ಅದಕ್ಕಿಂತ ಕ್ರೂರ. ಪಶುವೈದ್ಯೆ ಆಲಿಸ್ ವಿಲಲೋಬೋಸ್ ಮಾಡಿಕೊಟ್ಟ ಏಳು ಅಂಶಗಳ ಅಳತೆ ಉಪಯೋಗಕ್ಕೆ ಬರುತ್ತದೆ: ನೋವು (ಉಸಿರಾಟವೂ ಇದರಲ್ಲೇ ಸೇರುತ್ತದೆ), ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯೇ. ಒಂದೊಂದಕ್ಕೆ 10ರಲ್ಲಿ ಅಂಕ. ಒಟ್ಟು 35 ದಾಟಿದರೆ ಮುಂದುವರಿಸಬಹುದು. ಪ್ರತಿ ಭಾನುವಾರ ಮನೆಯ ಇಬ್ಬರೂ ಬೇರೆ ಬೇರೆ ಕೂತು ಹಾಕಿ. ದಿನಾ ನೋಡುವವರ ಕಣ್ಣಿಗೆ ಇಳಿತ ಬೇಗ ಕಾಣುವುದಿಲ್ಲ. ತೂಕವನ್ನೂ ಅವತ್ತೇ ನೋಡಿ, ನಾಯಿಯನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ತಕ್ಕಡಿ ಹತ್ತಿದರೆ ಸಾಕು. ಇದ್ದಕ್ಕಿದ್ದಂತೆ ಅರ್ಧ ಕೆಜಿ ಏರಿದರೆ ಅದು ಮಾಂಸವಲ್ಲ, ನೀರು.

ಇನ್ನೊಂದು ಸಣ್ಣ ವಿಷಯ. ತರುವುದು ಶನಿವಾರ ಸಂಜೆ ಬೇಡ, ಬಹಳ ಜನ ರಜೆ ನೋಡಿ ಹಾಗೇ ಮಾಡುತ್ತಾರೆ. ಹೊಸ ಜಾಗದ ಗಾಬರಿಗೆ ಮೊದಲ ರಾತ್ರಿ ಉಸಿರು ಏರುವುದುಂಟು, ಭಾನುವಾರ ಡಾಕ್ಟರು ಸಿಗುವುದು ಕಷ್ಟ. ಮಂಗಳವಾರ ಬೆಳಿಗ್ಗೆ 6ರ ಮಾತ್ರೆ ಅಲ್ಲೇ ಕೊಡಿಸಿ, ಮೂತ್ರ ಮಾಡಿಸಿಕೊಂಡು, 10ರ ಹೊತ್ತಿಗೆ ರಿಕ್ಷಾದಲ್ಲಿ ಕರೆದುಕೊಂಡು ಬನ್ನಿ. ಅದು ಅಲ್ಲಿ ಮಲಗುತ್ತಿದ್ದ ಚಾದರವನ್ನು ಒಗೆಯದೆ ಹಾಗೇ ತನ್ನಿ.

ಡೊಂಬಿವಲಿ_ಪೂರ್ವ:

ಸೋನೋಗ್ರಫಿ ಸೋಮವಾರ ಇದೆ, ಡಾಕ್ಟರಿಬ್ಬರನ್ನೂ ಒಂದೇ ಫೋನ್ ಕಾಲಿನಲ್ಲಿ ಸೇರಿಸಲು ರೆಸ್ಕ್ಯೂದವರು ಒಪ್ಪಿದ್ದಾರೆ. ಮೆಲಾಕ್ಸಿಕಾಂ ನಿಂತಿದೆ. ಚಾಪೆ ತಂದು ಹಾಸಿದ್ದೇವೆ. ಚಾದರ ಕೇಳಿದ್ದೇವೆ.